ಮೂರಕ್ಕೂ ಒಂಬತ್ತಕ್ಕೂ

ನೀಲಕಂಠಯ್ಯನವರ ಬಾಗಿಲಿಗೆ
ತೇಗದ ಹಲಗೆ, ಅಂಗೈ ಅಗಲ, ಮೊಳದುದ್ದ.
ನೀ ಬಂತು. ಲ ಬಂತು.
ದೂರದಿಂದ ನೋಡಿದರೆ ಕ ಕೂಡ ಪರವಾಗಿಲ್ಲ.
ಠ ಮಾತ್ರ ಹುಣಸೆ ಬೀಜ.

ಇಂಗ್ಲಿಷಲ್ಲಿ ಕೆತ್ತುವಾಗ ಈ ಕಾಟ ಅಷ್ಟಿರಲಿಲ್ಲ.
ಅರ್ಧಕ್ಕರ್ಧ ನೆಟ್ಟ ಗೂಟ, ಅಡ್ಡ ಪಟ್ಟಿ,
ಹೋದ, ಬಂದ, ಮುಗೀತು.
ನಮ್ಮ ಅಕ್ಷರಕ್ಕೆ ಹೆಜ್ಜೆಗೊಂದು ತಿರುವು,
ಅದರಲ್ಲೂ ಈ ಠ:
ತಲೆಪಟ್ಟಿಯ ಕೆಳಗೆ ಪೂರಾ ದುಂಡು, ನಡುವೆ ಚುಕ್ಕೆ.
ಮಷೀನಿನ ಹುಳುಕನ್ನೆಲ್ಲ ಬೀದಿಗೆ ತಂದಿಡುತ್ತೆ.

ಗುಬ್ಬಿ ಗೇಟಿನ ಹತ್ತಿರ, ಹಿಟ್ಟಿನ ಗಿರಣಿಯ ಹಿಂದಿನ ಕೋಣೆ.
ಹಗಲು ನಾನು ನೀರು ಬಿಡುವವನು,
ಹನ್ನೆರಡು ಬೀದಿಗೆ ವಾಲ್ವ್ ತಿರುಗಿಸೋದು ಕೆಲಸ.
ರಾತ್ರಿ ಈ ಪುಟ್ಟ ಮಷೀನು,
ಬಿಡಿಬಿಡಿಯಾಗಿ ತರಿಸಿ ನಾನೇ ಜೋಡಿಸಿದ್ದು.
ಕೊನೆಗೊಂದು ಸ್ಕ್ರೂ ಮಿಕ್ಕಿತ್ತು, ಅದು ಬೇರೆ ಕತೆ.

ಮೊದಲು ಗಿರಣಿ ಮೇಲೆ ಗುಮಾನಿ.
ರಾಗಿ ಬೀಸುವಾಗ ಗೋಡೆಯೇ ನಡುಗುತ್ತಲ್ಲ.
ಗಿರಣಿ ನಿಂತ ಮೇಲೆ ಕೆತ್ತಿದೆ. ಹುಣಸೆ ಬೀಜ.
ಕಟರ್ ಬದಲಿಸಿದೆ. ವೇಗ ಅರ್ಧ ಮಾಡಿದೆ.
ಬೆಲ್ಟೇ ಇಲ್ಲದ ಮಷೀನಿಗೆ ಬೆಲ್ಟ್ ಬಿಗಿ ಮಾಡು ಎಂದ
ಗೆಳೆಯನೊಬ್ಬ; ಅವನಿಗೂ ಟೀ ಕುಡಿಸಿದೆ.
ಆಮೇಲೆ ಕಂಪ್ಯೂಟರಿನಲ್ಲಿ ಒಂದು ಅಂಕಿ ತುಂಬಿದೆ,
ವಾಪಸ್ಸು ತಿರುಗುವಾಗ ಇಷ್ಟು ಹೆಚ್ಚು ಹೋಗು ಎಂದು.
ಹೋಯಿತು.
ಆದರೆ ಕಟರ್ ಮರಕ್ಕೆ ಹಲ್ಲು ಕೊಟ್ಟೊಡನೆ
ಟೇಬಲ್ಲನ್ನೇ ತನ್ನ ಕಡೆ ಎಳಕೊಂಡಿತು.
ಏಳು ಹಲಗೆ ಕೆಟ್ಟವು. ಒಂದು ಈಗ ಕೊಡದ ಮುಚ್ಚಳ.

ಹಿಟ್ಟು ಬೀಸಿಸಲು ಬಂದ ಸರ್ವಮಂಗಳಕ್ಕ ಇಣುಕಿದರು.
ಇಪ್ಪತ್ತಾರು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕೂತವರು.
ಹಲಗೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು.
"ಇದನ್ನ ಗಡಿಯಾರ ಅಂದ್ಕೋ.
ಹನ್ನೆರಡು ಸರಿ ಐತೆ. ಆರು ಸರಿ ಐತೆ.
ಮೂರಕ್ಕೂ ಒಂಬತ್ತಕ್ಕೂ ಚಪ್ಪಟೆ.
ಎಡಕ್ಕೂ ಬಲಕ್ಕೂ ಓಡೋದು ಯಾವುದಪ್ಪಾ,
ಅದರ ಸ್ಕ್ರೂ ತೋರಿಸು."

ಹೆಬ್ಬೆರಳಿಂದ ಟೇಬಲ್ ಒತ್ತಿದರು.
ಟಕ್.
ಆಚೆಯಿಂದ ಒತ್ತಿದರು.
ಟಕ್.
"ಆಟ ಐತೆ," ಅಂದರು.

ಡಯಲ್ ಗೇಜ್ ಇಟ್ಟು ನೋಡಿದೆ:
ಮಿಲಿಮೀಟರಿನ ನೂರರಲ್ಲಿ ಇಪ್ಪತ್ತೆರಡು ಪಾಲು.
ಮೋಟಾರು ತಿರುಗುತ್ತಲೇ ಇದೆ, ಮುಳ್ಳು ಅಲುಗುತ್ತಿಲ್ಲ,
ಹೊರಟು ನಿಂತ ನೆಂಟ ಚಪ್ಪಲಿ ಹುಡುಕುವಷ್ಟು ಹೊತ್ತು.

"ದಿನಾ ವಾಲ್ವ್ ತಿರುಗಿಸ್ತೀಯಲ್ಲ,
ಮುಚ್ಚೋಕಂತ ಹಿಂದಕ್ಕೆ ತಿರುವಿದ ತಕ್ಷಣ
ನೀರು ಕಮ್ಮಿ ಆಗ್ತದಾ?"
ಇಲ್ಲ. ಕಾಲು ಸುತ್ತು ಖಾಲಿ. ಆಮೇಲೆ ಕಚ್ಚುತ್ತೆ.
ನನ್ನ ಅಂಗೈಗೆ ಹದಿನಾಲ್ಕು ವರ್ಷದಿಂದ ಗೊತ್ತು.
ತಲೆಗೆ ಹೇಳಿರಲಿಲ್ಲ.

ಬಿಚ್ಚಿದೆ. ಹಿತ್ತಾಳೆ ನಟ್ಟಿನ ಒಳಗಿನ ಎಳೆಗಳು
ಸವೆದು ಹೋಗಿದ್ದವು, ಹಳೇ ಕುಡುಗೋಲಿನ ಹಲ್ಲಿನಂತೆ.
ಎರಡು ಹೊಸ ನಟ್ಟು, ನಡುವೆ ಸ್ಪ್ರಿಂಗು.
ಒಂದು ಆ ಕಡೆ ತಳ್ಳಬೇಕು, ಒಂದು ಈ ಕಡೆ.
"ವಾರಗಿತ್ತಿಯರ ಹಂಗೆ," ಅಂದ ಅಕ್ಕ ತಾವೇ ನಕ್ಕರು.
ಹುಮ್ಮಸ್ಸಿನಲ್ಲಿ ನಾನು ಬಿಗಿದೇ ಬಿಗಿದೆ.
ಮೋಟಾರು ಗೊರ್ ಎಂದು ನಿಂತೇ ಹೋಯಿತು.
"ಅಷ್ಟು ಬ್ಯಾಡ. ಒಂಚೂರು ಬಿಡು.
ವಾಚಿನ ಚಕ್ರಕ್ಕೂ ಕೂದಲೆಳೆ ಬಿಡ್ತಿದ್ವಿ.
ಇಲ್ಲಾಂದ್ರೆ ಒಂದೇ ಟೈಮ್ ತೋರಿಸ್ಕೊಂಡು ಕೂತಿರ್ತದೆ."

ಎಂಟನೇ ಹಲಗೆ.
ನೀ. ಲ. ಕ. ಸೊನ್ನೆ.
ಪಕ್ಕದಲ್ಲಿ ಗಿರಣಿ ಓಡುತ್ತಲೇ ಇತ್ತು.
ಠ ಶುರುವಾಯಿತು, ನಾನು ಉಸಿರು ಹಿಡಿದಿದ್ದೆ.
ಮೂರು ದಾಟಿತು.
ಆರು.
ಒಂಬತ್ತೂ ದಾಟಿತು.
ಕಟರ್ ಮೇಲೆದ್ದು, ನಡುವಿಗೆ ಬಂದು,
ಚುಕ್ಕೆ ಇಟ್ಟಿತು.

ಒಂಬತ್ತರ ಹತ್ತಿರ ಇನ್ನೂ ಒಂದು ಸಣ್ಣ ತಡೆ ಇದೆ.
ಗೇಜು ಮೂರು ಪಾಲು ಅನ್ನುತ್ತೆ.
ಅಕ್ಕನ ಉಗುರಿಗೆ ಸಿಕ್ಕಿತು.
ನೀಲಕಂಠಯ್ಯನವರಿಗೆ ಸಿಗಲಿಲ್ಲ.
ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ಅವರು ಕೇಳಿದ್ದಿಷ್ಟೇ:
"ಮೊಳೆ ಹೊಡೆಯೋಕೆ ತೂತು ಎಲ್ಲಪ್ಪಾ?"